ವಾಷಿಂಗ್ಟನ್, ಆಗಸ್ಟ್ 2025: ಅಪರಾಧಕ್ಕೊಂದು ತುರ್ತು, ಆಮದಿಗೊಂದು ತುರ್ತು

2025ರ ಆಗಸ್ಟ್ ತಿಂಗಳಲ್ಲಿ ಅಮೆರಿಕದ ರಾಜಧಾನಿಯಲ್ಲಿ ನಡೆದದ್ದನ್ನು ತಾರೀಖಿನ ಪ್ರಕಾರ ಜೋಡಿಸೋಣ. ಆಗಸ್ಟ್ 1ರಂದು ಉದ್ಯೋಗದ ಅಂಕಿಅಂಶ ಹೊರಬಿತ್ತು. ಹಿಂದಿನ ಎರಡು ತಿಂಗಳ ಲೆಕ್ಕದಿಂದ 2.58 ಲಕ್ಷ ಕೆಲಸಗಳನ್ನು ಕಡಿತ ಮಾಡಲಾಗಿತ್ತು. ಆ ಲೆಕ್ಕ ಹಾಕುವ ಇಲಾಖೆಯ ಮುಖ್ಯಸ್ಥೆ ಎರಿಕಾ ಮೆಕ್‌ಎಂಟಾರ್ಫರ್ ಅವರನ್ನು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅದೇ ದಿನ ಕೆಲಸದಿಂದ ತೆಗೆದರು. ಆಗಸ್ಟ್ 7ರಂದು ಭಾರತದ ಸರಕುಗಳ ಮೇಲೆ ಶೇ. 25 ಸುಂಕ ಜಾರಿಗೆ ಬಂತು. 11ರಂದು ವಾಷಿಂಗ್ಟನ್ ನಗರದಲ್ಲಿ 'ಅಪರಾಧದ ತುರ್ತು ಪರಿಸ್ಥಿತಿ' ಘೋಷಣೆಯಾಯಿತು. ನಗರ ಪೊಲೀಸರು ಕೇಂದ್ರದ ಹತೋಟಿಗೆ ಹೋದರು, ಮೀಸಲು ಸೈನಿಕರ ಪಡೆಯಾದ ನ್ಯಾಷನಲ್ ಗಾರ್ಡ್ ಬೀದಿಗಿಳಿಯಿತು. ನಗರ ಪೊಲೀಸರ ಅಪರಾಧ ಲೆಕ್ಕವೇ ಸುಳ್ಳಿರಬಹುದು ಎಂದು ಆಮೇಲೆ ಕೇಂದ್ರದ ತನಿಖೆಯೂ ಶುರುವಾಯಿತು. 27ರಂದು ಭಾರತದ ಮೇಲಿನ ಸುಂಕ ಶೇ. 50 ಆಯಿತು.

ಅಪರಾಧ ಒಂದು ಸುದ್ದಿ, ವ್ಯಾಪಾರ ಇನ್ನೊಂದು ಸುದ್ದಿ ಎಂದು ನಾವು ಬೇರೆ ಬೇರೆ ಪುಟಗಳಲ್ಲಿ ಓದಿದೆವು. ನನಗೆ ಇವೆರಡೂ ಒಂದೇ ಪ್ರಕರಣ. ಎರಡರಲ್ಲೂ ನಿಜವಾದ ನೋವೊಂದು ಇದೆ. ಎರಡರಲ್ಲೂ ಲೆಕ್ಕದ ಒಂದು ತುಂಡನ್ನು ಎತ್ತಿಕೊಂಡು ಕಥೆ ಕಟ್ಟಲಾಯಿತು. ಎರಡರಲ್ಲೂ 'ತುರ್ತು' ಎಂದು ಹೇಳಿ, ಮಾಮೂಲಿ ದಾರಿಯಲ್ಲಿ ಸಿಗದ ಅಧಿಕಾರ ಪಡೆಯಲಾಯಿತು. ಕೊನೆಗೆ ಪರಿಹಾರ ಎಂದು ಮಾಡಿದ್ದು ನೋವಿದ್ದ ಜಾಗಕ್ಕೆ ಸರಿಯಾಗಿ ತಲುಪಲಿಲ್ಲ. ಟ್ರಂಪ್ ಅವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರ ಎದುರಾಳಿಗಳ ಕಥೆಯಲ್ಲೂ ತೂತುಗಳಿವೆ, ಅವನ್ನೂ ನೋಡೋಣ.

ಎಷ್ಟು ಕೊಲೆ, ಯಾವ ವರ್ಷ?

ಮೊದಲು ನಗರ. ವಾಷಿಂಗ್ಟನ್‌ನಲ್ಲಿ 2023ರಲ್ಲಿ 274 ಕೊಲೆಗಳಾದವು. 1997ರ ನಂತರ ಅಷ್ಟು ಆಗಿರಲಿಲ್ಲ. ಏಳು ಲಕ್ಷ ಜನರಿರುವ ಊರಿಗೆ ಇದು ಭಯಾನಕ ಸಂಖ್ಯೆ, ಲಕ್ಷಕ್ಕೆ 40ರ ಹತ್ತಿರ. ಆ ವರ್ಷ ಜನ ಹೆದರಿದ್ದು ಸುಮ್ನೆ ಅಲ್ಲ. ಸಿಗ್ನಲ್‌ನಲ್ಲಿ ನಿಂತ ಕಾರನ್ನು ಬಂದೂಕು ತೋರಿಸಿ ಕಿತ್ತುಕೊಂಡು ಹೋಗುವ ಘಟನೆಗಳು ಆಗ ದಿನಾ ಎಂಬಂತೆ ನಡೆಯುತ್ತಿದ್ದವು.

2024ರಲ್ಲಿ ಕೊಲೆಗಳು 187ಕ್ಕೆ ಇಳಿದವು, ಅಂದರೆ ಶೇ. 32 ಕಡಿಮೆ. 2025ರಲ್ಲೂ ಇಳಿಕೆ ಮುಂದುವರಿದಿತ್ತು. ತುರ್ತು ಘೋಷಿಸಿದ ಹೊತ್ತಿಗೆ ನಗರ ಪೊಲೀಸರ ಲೆಕ್ಕದಲ್ಲಿ ಹಿಂಸೆಯ ಅಪರಾಧಗಳು ಹಿಂದಿನ ವರ್ಷಕ್ಕಿಂತ ಶೇ. 26 ಕಡಿಮೆ ಇದ್ದವು. ಆದರೂ ಆಗಸ್ಟ್ 11ರ ಪತ್ರಿಕಾಗೋಷ್ಠಿಯಲ್ಲಿ ಅಧ್ಯಕ್ಷರು ಒತ್ತಿ ಹೇಳಿದ್ದು 2023ರ ಕೊಲೆಗಳ ಬಗ್ಗೆ. ಪರಿಸ್ಥಿತಿ ಕೆಡುತ್ತಲೇ ಇದೆ ಎಂದರು.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ಅವರು ಸಹಿ ಹಾಕಿದ ಆದೇಶದಲ್ಲಿ 2024ರ ದರವೇ ಇತ್ತು, ಲಕ್ಷಕ್ಕೆ 27ರ ಸುಮಾರು. ಬೊಗೋಟಾ, ಮೆಕ್ಸಿಕೋ ಸಿಟಿಗಿಂತ ನಮ್ಮ ರಾಜಧಾನಿಯಲ್ಲಿ ಕೊಲೆ ಜಾಸ್ತಿ ಎಂದು ಪಟ್ಟಿ ತೋರಿಸಿದರು. ಮಟ್ಟದ ಬಗ್ಗೆ ಅವರು ಹೇಳಿದ್ದು ಸುಳ್ಳಲ್ಲ. ನ್ಯೂಯಾರ್ಕ್‌ನಲ್ಲಿ 2024ರಲ್ಲಿ 377 ಕೊಲೆಗಳಾದವು, ಆದರೆ ಅಲ್ಲಿನ ಜನಸಂಖ್ಯೆ 80 ಲಕ್ಷ ದಾಟುತ್ತದೆ. ದರ ಲೆಕ್ಕ ಹಾಕಿದರೆ ವಾಷಿಂಗ್ಟನ್ ನ್ಯೂಯಾರ್ಕ್‌ಗಿಂತ ಐದಾರು ಪಟ್ಟು ಅಪಾಯದ ಊರು. ಸುಳ್ಳಿದ್ದದ್ದು ದಿಕ್ಕಿನಲ್ಲಿ. ಇಳಿಯುತ್ತಿರುವುದನ್ನು ಏರುತ್ತಿದೆ ಎಂದರು. ತುರ್ತು ಅಧಿಕಾರ ಬೇಕಾದರೆ ದಿಕ್ಕು ಮೇಲಕ್ಕೇ ಇರಬೇಕಲ್ವಾ? ಇಳಿಯುತ್ತಿರುವ ಜ್ವರಕ್ಕೆ ಯಾರೂ ಆಂಬುಲೆನ್ಸ್ ಕರೆಯುವುದಿಲ್ಲ.

ಎದುರಾಳಿಗಳ ಮಾತಿಗೆ ಬರೋಣ. 'ಮೂವತ್ತು ವರ್ಷಗಳಲ್ಲೇ ಅತಿ ಕಡಿಮೆ ಹಿಂಸೆ, ಶೇ. 35 ಇಳಿಕೆ' ಎಂದು ಅವರು ಮತ್ತೆ ಮತ್ತೆ ಹೇಳಿದರು. ಈ ಸಾಲು ಬಂದದ್ದು 2025ರ ಜನವರಿಯಲ್ಲಿ ನ್ಯಾಯ ಇಲಾಖೆಯೇ ಹೊರಡಿಸಿದ ಪ್ರಕಟಣೆಯಿಂದ. ಅದರ ಹಿಂದಿದ್ದ ಲೆಕ್ಕ ನಗರ ಪೊಲೀಸರದ್ದು. ಆ ಲೆಕ್ಕದ 'ಹಿಂಸೆ' ಪಟ್ಟಿಯಲ್ಲಿ ಆಯುಧ ಹಿಡಿದು ಮಾಡಿದ ಹಲ್ಲೆ ಸೇರುತ್ತದೆ. ಆಯುಧವಿಲ್ಲದೆ ಒಬ್ಬನ ಮೂಳೆ ಮುರಿಯುವಂತೆ ಹೊಡೆದರೆ ಅದು ಬೇರೆ ಹೆಸರಿನ ಗಂಭೀರ ಹಲ್ಲೆ. ಅಪರಾಧ ಅಪರಾಧವೇ, ಆದರೆ ಈ ಪಟ್ಟಿಗೆ ಬರುವುದಿಲ್ಲ. ಎಫ್‌ಬಿಐ ತನ್ನ ಲೆಕ್ಕದಲ್ಲಿ ಅಂಥದ್ದನ್ನೂ ಸೇರಿಸಿಕೊಳ್ಳುತ್ತದೆ. ಅದರ ಪ್ರಕಾರ 2024ರ ಇಳಿಕೆ ಶೇ. 10ರ ಆಸುಪಾಸು ಅಷ್ಟೇ. ಇದರ ಜೊತೆಗೆ, ಅಪರಾಧಗಳನ್ನು ಕಡಿಮೆ ದರ್ಜೆಯ ಹೆಸರಲ್ಲಿ ದಾಖಲಿಸಿದ ಆರೋಪದ ಮೇಲೆ ಒಬ್ಬ ಪೊಲೀಸ್ ಅಧಿಕಾರಿಯನ್ನು 2025ರಲ್ಲಿ ರಜೆಯ ಮೇಲೆ ಕಳಿಸಲಾಗಿತ್ತು. ಪೊಲೀಸ್ ಸಂಘದವರೂ ಅದನ್ನೇ ಹೇಳುತ್ತಿದ್ದರು.

ಹಾಗಾದರೆ ಯಾವುದನ್ನು ನಂಬುವುದು? ನನ್ನ ಅಭಿಪ್ರಾಯದಲ್ಲಿ ಕೊಲೆಯ ಲೆಕ್ಕವನ್ನು. ಹಲ್ಲೆಯ ಹೆಸರು ಬದಲಾಯಿಸಬಹುದು, ಹೆಣವನ್ನು ಮುಚ್ಚಿಡುವುದು ಕಷ್ಟ. ಕೊಲೆಯ ಲೆಕ್ಕ ಎರಡೂ ಕಡೆಯವರಿಗೂ ಇಷ್ಟವಾಗದ ಮಾತನ್ನೇ ಹೇಳುತ್ತದೆ. ಇಳಿಕೆ ನಿಜ, ದೊಡ್ಡ ಇಳಿಕೆಯೇ. ಇಳಿದ ಮೇಲೂ ಉಳಿದದ್ದು ನಾಚಿಕೆಗೇಡಿನ ಮಟ್ಟ. 1991ರಲ್ಲಿ ಸುಮಾರು 480 ಕೊಲೆಗಳಾಗಿದ್ದ ಊರಿದು, ಅದಕ್ಕೆ ಹೋಲಿಸಿ ಸಮಾಧಾನ ಪಡುವುದು ಮಗನನ್ನು ಕಳೆದುಕೊಂಡ ತಾಯಿಗೆ ಮಾಡುವ ಅವಮಾನ.

'ಡೆಮಾಕ್ರಟ್ ಮೇಯರ್‌ಗಳ ಊರುಗಳಲ್ಲೇ ಹೀಗೆ' ಎಂಬ ಮಾತೂ ಜೊತೆಗೇ ಬರುತ್ತದೆ. 2020ರಲ್ಲಿ ಇಡೀ ಅಮೆರಿಕದಲ್ಲಿ ಕೊಲೆಗಳು ಸುಮಾರು ಶೇ. 30 ಏರಿದವು. ಆಗ ರಿಪಬ್ಲಿಕನ್ ಮೇಯರ್‌ಗಳಿದ್ದ ಜಾಕ್ಸನ್‌ವಿಲ್, ಫೋರ್ಟ್ ವರ್ತ್‌ನಲ್ಲೂ ಏರಿದವು. 2023, 2024ರಲ್ಲಿ ಎರಡೂ ಪಕ್ಷಗಳ ಊರುಗಳಲ್ಲಿ ಇಳಿದವು. ದೇಶದ ಮಟ್ಟದಲ್ಲಿ 2024ರ ಇಳಿಕೆಯೇ ಶೇ. 15ರ ಹತ್ತಿರ. ಡೆಮಾಕ್ರಟರು ಕೊಟ್ಟ ತಿರುಗೇಟು ಏನು ಗೊತ್ತಾ? ವಾಷಿಂಗ್ಟನ್‌ಗೆ ಸೈನಿಕರನ್ನು ಕಳಿಸಿದ ಟೆನ್ನೆಸ್ಸಿಯ ಮೆಂಫಿಸ್, ಮಿಸ್ಸಿಸ್ಸಿಪ್ಪಿಯ ಜಾಕ್ಸನ್ ಊರುಗಳಲ್ಲಿ ಕೊಲೆಯ ದರ ಇನ್ನೂ ಜಾಸ್ತಿ ಎಂದು. ಅದು ನಿಜ. ಆದರೆ ಆ ರಾಜ್ಯಗಳು ರಿಪಬ್ಲಿಕನ್ನರದ್ದಾದರೂ ಆ ಊರುಗಳ ಮೇಯರ್‌ಗಳು ಡೆಮಾಕ್ರಟರು. ಯಾರು ಬೇಕಾದರೂ ತಮಗೆ ಬೇಕಾದ ಗೆರೆ ಎಳೆದುಕೊಳ್ಳಬಹುದು. ದೇಶವೆಲ್ಲ ಒಟ್ಟಿಗೆ ಏರಿ ಒಟ್ಟಿಗೆ ಇಳಿದದ್ದಕ್ಕೆ ಒಬ್ಬ ಮೇಯರ್ ಕಾರಣನಾಗಲು ಸಾಧ್ಯವಿಲ್ಲ.

ಜನ ಯಾಕೆ ನಂಬುತ್ತಾರೆ ಎಂಬುದಕ್ಕೂ ಉತ್ತರ ಇದೆ. ಗ್ಯಾಲಪ್ ಸಮೀಕ್ಷೆ ದಶಕಗಳಿಂದ ಒಂದು ಪ್ರಶ್ನೆ ಕೇಳುತ್ತಿದೆ: ಹೋದ ವರ್ಷಕ್ಕಿಂತ ದೇಶದಲ್ಲಿ ಅಪರಾಧ ಹೆಚ್ಚಾಗಿದೆಯೇ? 2023ರಲ್ಲಿ ಶೇ. 77 ಜನ ಹೌದು ಎಂದರು. ಅದೇ ವರ್ಷ ಕೊಲೆಗಳು ಶೇ. 11ಕ್ಕಿಂತ ಹೆಚ್ಚು ಇಳಿದಿದ್ದವು. ಎಫ್‌ಬಿಐ ಒಂದು ವರ್ಷದ ಲೆಕ್ಕ ಕೊಡುವುದು ಮುಂದಿನ ವರ್ಷದಲ್ಲಿ. 2021ರಲ್ಲಂತೂ ಹೊಸ ವ್ಯವಸ್ಥೆಗೆ ಬದಲಾಗುವಾಗ ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಊರುಗಳ ಪೊಲೀಸರು ಅಂಕಿಯನ್ನೇ ಕೊಟ್ಟಿರಲಿಲ್ಲ. ಲೆಕ್ಕ ಬರುವುದರೊಳಗೆ ವಿಡಿಯೋ ಬಂದಿರುತ್ತದೆ.

ಗಾರ್ಡ್ ನಿಂತದ್ದೆಲ್ಲಿ

ವಾಷಿಂಗ್ಟನ್ ಯಾವ ರಾಜ್ಯಕ್ಕೂ ಸೇರಿಲ್ಲ. 1973ರ ಹೋಮ್ ರೂಲ್ ಕಾನೂನಿನಿಂದ ಅದಕ್ಕೆ ಸ್ವಂತ ಮೇಯರ್, ಸ್ವಂತ ಕೌನ್ಸಿಲ್ ಸಿಕ್ಕಿತು. ಆ ಕಾನೂನಿನ 740ನೇ ಸೆಕ್ಷನ್ ಪ್ರಕಾರ ವಿಶೇಷ ತುರ್ತು ಇದ್ದರೆ ಅಧ್ಯಕ್ಷರು 30 ದಿನ ನಗರ ಪೊಲೀಸರನ್ನು ಬಳಸಿಕೊಳ್ಳಬಹುದು. ಟ್ರಂಪ್ ಅವರಿಗೂ ಮೊದಲು ಯಾವ ಅಧ್ಯಕ್ಷರೂ ಅದನ್ನು ಹೀಗೆ ಬಳಸಿರಲಿಲ್ಲ. ಸುಮಾರು 800 ಗಾರ್ಡ್ ಸೈನಿಕರಿಂದ ಶುರುವಾದದ್ದು ಬೇರೆ ರಾಜ್ಯಗಳವರೂ ಸೇರಿ 2,000 ದಾಟಿತು.

ನಗರದ ಕೊಲೆಗಳಲ್ಲಿ ಹೆಚ್ಚಿನವು ಅನಕೋಸ್ಟಿಯಾ ನದಿಯಾಚೆಯ 7 ಮತ್ತು 8ನೇ ವಾರ್ಡ್‌ಗಳಲ್ಲಿ ಆಗುತ್ತವೆ. ಬಡ ಕಪ್ಪು ಕುಟುಂಬಗಳು ಜಾಸ್ತಿ ಇರುವ ಜಾಗ. ಸತ್ತವರಲ್ಲಿ ಹೆಚ್ಚಿನವರು ಯುವಕರು. ಗಾರ್ಡ್ ಸೈನಿಕರು ಎದ್ದು ಕಂಡದ್ದು ನ್ಯಾಷನಲ್ ಮಾಲ್‌ನ ಸ್ಮಾರಕಗಳ ಮುಂದೆ, ಯೂನಿಯನ್ ಸ್ಟೇಷನ್‌ನಲ್ಲಿ, ಮೆಟ್ರೋ ನಿಲ್ದಾಣಗಳಲ್ಲಿ. ಕೆಲವು ವಾರಗಳಾದ ಮೇಲೆ ಅವರು ಪಾರ್ಕುಗಳಲ್ಲಿ ಕಸ ಎತ್ತುತ್ತಿದ್ದರು. ಆ ಸೈನಿಕರ ತಪ್ಪೇನೂ ಇಲ್ಲ, ಹೇಳಿದ ಕೆಲಸ ಮಾಡಿದರು. ನಾನು ಕೇಳುವುದು ಕಳಿಸಿದವರನ್ನು.

ಏನೂ ಪ್ರಯೋಜನ ಆಗಲಿಲ್ಲ ಎಂದೂ ಹೇಳಲಾಗದು. ಮೊದಲ 20 ದಿನಗಳಲ್ಲಿ ಕಾರು ಕಿತ್ತುಕೊಳ್ಳುವ ಅಪರಾಧ ಹಿಂದಿನ ವರ್ಷದ ಅದೇ ಅವಧಿಗಿಂತ ಶೇ. 87 ಇಳಿದಿದೆ ಎಂದು ಮೇಯರ್ ಮ್ಯೂರಿಯಲ್ ಬೌಸರ್ ಅವರೇ ಹೇಳಿದರು, ಹೆಚ್ಚುವರಿ ಕೇಂದ್ರ ಅಧಿಕಾರಿಗಳಿಗೆ ಅದರ ಶ್ರೇಯ ಕೊಟ್ಟರು. ಬೀದಿಯಲ್ಲಿ ಪೊಲೀಸರು ಹೆಚ್ಚಾದರೆ ಅಪರಾಧ ಇಳಿಯುತ್ತದೆ, ಅದನ್ನು ಅಲ್ಲಗಳೆಯುವವರು ಕಣ್ಣು ಮುಚ್ಚಿಕೊಂಡಿದ್ದಾರೆ. ಆದರೆ ಅದೇ ಬೌಸರ್, ಮುಸುಕು ಹಾಕಿದ ವಲಸೆ ಅಧಿಕಾರಿಗಳಿಂದ ಜನರ ನಂಬಿಕೆ ಒಡೆಯುತ್ತಿದೆ, ಬೇರೆ ರಾಜ್ಯದ ಗಾರ್ಡ್ ಇಲ್ಲಿ ಸರಿಯಾದ ಬಳಕೆ ಅಲ್ಲ ಎಂದೂ ಹೇಳಿದರು. ಎರಡನೇ ಭಾಗವನ್ನು ಶ್ವೇತಭವನ ಎತ್ತಿಕೊಳ್ಳಲಿಲ್ಲ, ಮೊದಲ ಭಾಗವನ್ನು ಎತ್ತಿಕೊಳ್ಳಲು ಎದುರಾಳಿಗಳಿಗೆ ಮನಸ್ಸಿರಲಿಲ್ಲ.

ಇನ್ನು ದುಡ್ಡಿನ ವಿಷಯ. ಇದು ನನ್ನನ್ನು ಬಹಳ ಕಾಡುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಸಂಸತ್ತು ಪಾಸು ಮಾಡಿದ ಖರ್ಚಿನ ಮಸೂದೆಯಿಂದ ವಾಷಿಂಗ್ಟನ್ ನಗರಕ್ಕೆ ತನ್ನದೇ ತೆರಿಗೆ ದುಡ್ಡಿನಲ್ಲಿ ಸುಮಾರು 110 ಕೋಟಿ ಡಾಲರ್ ಖರ್ಚು ಮಾಡಲಾಗದ ಸ್ಥಿತಿ ಬಂತು. ಏಪ್ರಿಲ್‌ನಲ್ಲಿ ನ್ಯಾಯ ಇಲಾಖೆ ದೇಶದಾದ್ಯಂತ ಸುಮಾರು 80 ಕೋಟಿ ಡಾಲರ್‌ನ ಅನುದಾನಗಳನ್ನು ರದ್ದು ಮಾಡಿತು. ಬಂದೂಕಿನ ಜಗಳ ಕೊಲೆಗೆ ತಿರುಗುವ ಮೊದಲೇ ಮಧ್ಯೆ ನಿಂತು ಬಿಡಿಸುವ ಸ್ಥಳೀಯ ಗುಂಪುಗಳು, ಅಪರಾಧಕ್ಕೆ ಬಲಿಯಾದವರಿಗೆ ನೆರವು ಕೊಡುವ ಸಂಸ್ಥೆಗಳು ಆ ದುಡ್ಡಿನಲ್ಲಿ ನಡೆಯುತ್ತಿದ್ದವು. ಏಪ್ರಿಲ್‌ನಲ್ಲಿ ಬೇಡವಾದ ಕೆಲಸ ಆಗಸ್ಟ್‌ನಲ್ಲಿ ತುರ್ತು ಹೇಗಾಯಿತು?

ಭಾಗಿಸಿ ಅರ್ಧ ಮಾಡಿದ ಸುಂಕ

ಈಗ ವ್ಯಾಪಾರ. ಆಗಸ್ಟ್‌ನ ಸುಂಕಗಳ ಬೇರು ಏಪ್ರಿಲ್ 2ರ ಘೋಷಣೆಯಲ್ಲಿದೆ. ಅಮೆರಿಕ ಹೊರಗಿನಿಂದ ಕೊಳ್ಳುವ ಸರಕು ಮಾರುವುದಕ್ಕಿಂತ ಜಾಸ್ತಿ, 2024ರಲ್ಲಿ ಆ ಅಂತರ, ಅಂದರೆ ವ್ಯಾಪಾರದ ಕೊರತೆ, 1.2 ಲಕ್ಷ ಕೋಟಿ ಡಾಲರ್. ಇದೇ ರಾಷ್ಟ್ರೀಯ ತುರ್ತು ಎಂದು 1977ರ ಒಂದು ಕಾನೂನಿನಡಿ ಘೋಷಿಸಿ, ಬೇರೆ ದೇಶಗಳು ನಮ್ಮ ಮೇಲೆ ಹೇರಿದ್ದರ ಅರ್ಧವನ್ನು ನಾವು ಹೇರುತ್ತೇವೆ ಎಂದು ಟ್ರಂಪ್ ಹೇಳಿದರು. ಅವರು ತೋರಿಸಿದ ಪಟ್ಟಿಯಲ್ಲಿ ಭಾರತದ ಹೆಸರಿನ ಮುಂದೆ ಶೇ. 52 ಎಂದಿತ್ತು, ಪಕ್ಕದಲ್ಲಿ ಶೇ. 26.

ಆ 52 ಎಲ್ಲಿಂದ ಬಂತು? ಭಾರತದ ಸುಂಕದ ಪಟ್ಟಿಯನ್ನು ಓದಿ ಬಂದದ್ದಲ್ಲ. 2024ರಲ್ಲಿ ಅಮೆರಿಕ ಭಾರತದಿಂದ ಕೊಂಡ ಸರಕು ಸುಮಾರು 8,740 ಕೋಟಿ ಡಾಲರ್. ಭಾರತದ ಜೊತೆಗಿನ ಕೊರತೆ ಸುಮಾರು 4,570 ಕೋಟಿ ಡಾಲರ್. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ, ಶೇ. 52 ಬರುತ್ತದೆ. ಅರ್ಧ ಮಾಡಿ, 26. ಅಷ್ಟೇ ಲೆಕ್ಕ. ಅಮೆರಿಕದ ವ್ಯಾಪಾರ ಕಚೇರಿ ಆಮೇಲೆ ಗ್ರೀಕ್ ಅಕ್ಷರಗಳಿರುವ ಒಂದು ಸೂತ್ರ ಪ್ರಕಟಿಸಿತು. ಅದರಲ್ಲಿ ಒಂದು ಅಕ್ಷರದ ಬೆಲೆ 4, ಇನ್ನೊಂದರದ್ದು 0.25. ಗುಣಿಸಿದರೆ 1. ಎರಡೂ ಒಂದನ್ನೊಂದು ಹೊಡೆದುಹಾಕಿ ಉಳಿಯುವುದು ಮೇಲೆ ಹೇಳಿದ ಭಾಗಾಕಾರವೇ.

ಭಾರತದ ಸುಂಕಗಳು ಜಾಸ್ತಿ ಎಂಬ ದೂರಿನಲ್ಲಿ ಹುರುಳಿಲ್ಲ ಎನ್ನುತ್ತಿಲ್ಲ. ಕೃಷಿ ಸರಕಿನ ಮೇಲೆ, ಕಾರುಗಳ ಮೇಲೆ ನಮ್ಮ ಸುಂಕ ನಿಜಕ್ಕೂ ಭಾರೀ. ಆದರೆ ಈ ಸೂತ್ರ ಅದನ್ನು ಅಳೆಯುವುದೇ ಇಲ್ಲ. ಲೆಸೊಥೊ ನೋಡಿ. ಆಫ್ರಿಕಾದ ಆ ಪುಟ್ಟ ಬಡ ದೇಶ ಅಮೆರಿಕಕ್ಕೆ ಜೀನ್ಸ್ ಹೊಲಿದು ಕಳಿಸುತ್ತದೆ, ವಜ್ರ ಮಾರುತ್ತದೆ, ವರ್ಷಕ್ಕೆ ಸುಮಾರು 23.7 ಕೋಟಿ ಡಾಲರ್. ಅಮೆರಿಕದಿಂದ ಅದು ಕೊಂಡದ್ದು 28 ಲಕ್ಷ ಡಾಲರ್. ಕೊಳ್ಳಲು ಜನರ ಹತ್ತಿರ ದುಡ್ಡಿಲ್ಲ. ಸೂತ್ರ ಹಾಕಿದಾಗ ಅದಕ್ಕೆ ಶೇ. 50 ಸುಂಕ ಬಂತು. ಬಡತನವನ್ನೇ ಮೋಸ ಎಂದು ಓದುವ ಸೂತ್ರವನ್ನು ನಾನು ಲೆಕ್ಕ ಎಂದು ಒಪ್ಪಲಾರೆ. ಆಗಸ್ಟ್ ಹೊತ್ತಿಗೆ ಆ ದರ 15ಕ್ಕೆ ಇಳಿಯಿತು.

ಇನ್ನೊಂದು ಅರ್ಧವನ್ನು ಸೂತ್ರ ಮುಟ್ಟಲೇ ಇಲ್ಲ, ಅದು ಸೇವೆಗಳದ್ದು. ಸಾಫ್ಟ್‌ವೇರ್, ಬ್ಯಾಂಕಿಂಗ್, ಸಿನಿಮಾ, ಪೇಟೆಂಟ್ ಶುಲ್ಕ ಎಲ್ಲ ಸೇರಿ ಸೇವೆಗಳಲ್ಲಿ ಅಮೆರಿಕಕ್ಕೆ ವರ್ಷಕ್ಕೆ ಸುಮಾರು 30,000 ಕೋಟಿ ಡಾಲರ್ ಉಳಿತಾಯವೇ ಇದೆ. 2023-24ರಲ್ಲಿ ಅಲ್ಲಿ ಓದುತ್ತಿದ್ದ ಭಾರತದ ವಿದ್ಯಾರ್ಥಿಗಳು 3.3 ಲಕ್ಷ. ಮನೆ ಅಡವಿಟ್ಟು ಅಪ್ಪ ಕಟ್ಟುವ ಫೀಸು ವ್ಯಾಪಾರದ ಲೆಕ್ಕದಲ್ಲಿ ಅಮೆರಿಕದ ರಫ್ತು. ಏಪ್ರಿಲ್‌ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಆಗಸ್ಟ್ 27ರಂದು ಭಾರತದ ಮೇಲೆ ಬಿದ್ದ ಎರಡನೇ ಶೇ. 25ರ ಕಥೆ ಬೇರೆ. ಭಾರತ ರಷ್ಯಾದ ತೈಲ ಕೊಳ್ಳುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಅದೇ ತೈಲದ ದೊಡ್ಡ ಗಿರಾಕಿ ಚೀನಾ, ಅದಕ್ಕೆ ಆ ದಂಡ ಬೀಳಲಿಲ್ಲ.

ದುಡ್ಡು ಕೊಡುವವರು ಯಾರು

'ಸುಂಕವನ್ನು ಬೇರೆ ದೇಶ ಕಟ್ಟುತ್ತದೆ' ಎಂಬುದು ಈ ಕಥೆಯ ಗಟ್ಟಿ ಸಾಲು. ಕಸ್ಟಮ್ಸ್‌ಗೆ ದುಡ್ಡು ಕಟ್ಟುವುದು ಸರಕು ತರಿಸಿಕೊಂಡ ಅಮೆರಿಕದ ಕಂಪನಿ. ಹೊರಗಿನ ಮಾರಾಟಗಾರ ಬೆಲೆ ಇಳಿಸಿದರೆ ಹೊರೆಯ ಒಂದು ಪಾಲು ಅವನ ಮೇಲೆ ಬೀಳುತ್ತದೆ. ಇಳಿಸದಿದ್ದರೆ ಅಂಗಡಿಯ ಗಿರಾಕಿಯ ಮೇಲೆ.

ಇದಕ್ಕೆ ಚೆನ್ನಾಗಿ ಅಳೆದ ಉದಾಹರಣೆ ಒಂದಿದೆ. 2018ರಲ್ಲಿ ಟ್ರಂಪ್ ಮೊದಲ ಅವಧಿಯಲ್ಲಿ ಹೊರಗಿನ ವಾಷಿಂಗ್ ಮೆಷಿನ್‌ಗಳ ಮೇಲೆ ಸುಂಕ ಹಾಕಿದರು. ಮೆಷಿನ್ ಬೆಲೆ ಸುಮಾರು ಶೇ. 12 ಏರಿತು. ಬಟ್ಟೆ ಒಣಗಿಸುವ ಡ್ರೈಯರ್ ಮೇಲೆ ಸುಂಕವೇ ಇರಲಿಲ್ಲ, ಅದರ ಬೆಲೆಯೂ ಹೆಚ್ಚು ಕಡಿಮೆ ಅಷ್ಟೇ ಏರಿತು. ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುವುದು ವಾಡಿಕೆ, ಹಾಗಾಗಿ ಕಂಪನಿಗಳು ಹೆಚ್ಚಳವನ್ನು ಎರಡಕ್ಕೂ ಹಂಚಿದವು. ದೇಶದೊಳಗೆ ತಯಾರಿಸುವವರೂ ಬೆಲೆ ಏರಿಸಿಕೊಂಡರು. ಅರ್ಥಶಾಸ್ತ್ರಜ್ಞರಾದ ಫ್ಲಾಯೆನ್, ಹೊರ್ಟಾಚ್ಸು, ಟಿಂಟೆಲ್‌ನಾಟ್ ಇದನ್ನು ಲೆಕ್ಕ ಹಾಕಿದರು. ಹೊಸ ಕೆಲಸ ಸಿಕ್ಕದ್ದು ಸುಮಾರು 1,800 ಜನರಿಗೆ, ಗಿರಾಕಿಗಳು ವರ್ಷಕ್ಕೆ ಹೆಚ್ಚುವರಿ ಕೊಟ್ಟದ್ದು ಸುಮಾರು 150 ಕೋಟಿ ಡಾಲರ್. ಸುಂಕದಿಂದ ಬಂದ ಆದಾಯ ಕಳೆದರೆ ಒಂದು ಕೆಲಸಕ್ಕೆ ಬಿದ್ದ ವೆಚ್ಚ ಎಂಟು ಲಕ್ಷ ಡಾಲರ್ ದಾಟುತ್ತದೆ.

ಕೊರತೆಯಾದರೂ ಇಳಿಯಿತೇ? ಚೀನಾದ ಜೊತೆಗಿನದು ಇಳಿಯಿತು, 2018ರ ಸುಮಾರು 41,800 ಕೋಟಿ ಡಾಲರ್‌ನಿಂದ 2024ರಲ್ಲಿ 29,500 ಕೋಟಿಗೆ. ಅಷ್ಟರಲ್ಲಿ ವಿಯೆಟ್ನಾಂ ಜೊತೆಗಿನದು ಸುಮಾರು 4,000 ಕೋಟಿಯಿಂದ 12,350 ಕೋಟಿಗೆ ಏರಿತು. ಮೆಕ್ಸಿಕೋ ಜೊತೆಗಿನದು ಎರಡು ಪಟ್ಟು ದಾಟಿತು. ಒಟ್ಟು ಕೊರತೆ ಬೆಳೆಯಿತು. ದೇಶ ತಾನು ಉಳಿಸುವುದಕ್ಕಿಂತ ಜಾಸ್ತಿ ಖರ್ಚು ಮಾಡಿದರೆ ಹೊರಗಿನಿಂದ ತರಿಸಲೇಬೇಕು. ಸರ್ಕಾರವೇ ವರ್ಷಕ್ಕೆ 1.8 ಲಕ್ಷ ಕೋಟಿ ಡಾಲರ್ ಸಾಲ ಮಾಡುವಾಗ ಬಾಗಿಲು ಬದಲಾಗುತ್ತದೆ, ಒಳಗೆ ಬರುವ ಸರಕು ನಿಲ್ಲುವುದಿಲ್ಲ.

ಆದರೂ ಮುಕ್ತ ವ್ಯಾಪಾರದ ಪರ ಇದ್ದವರ ಕಥೆಯನ್ನೂ ಬಿಡಬಾರದು. 2001ರ ಡಿಸೆಂಬರ್‌ನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದಾಗ, ಎಲ್ಲರಿಗೂ ಲಾಭ, ಕೆಲಸ ಕಳೆದುಕೊಂಡವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ ಎಂದು ಎರಡೂ ಪಕ್ಷದ ನಾಯಕರು ಭರವಸೆ ಕೊಟ್ಟಿದ್ದರು. 2000ದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ 1.7 ಕೋಟಿಗೂ ಹೆಚ್ಚು ಜನ ಇದ್ದರು, 2010ಕ್ಕೆ ಸುಮಾರು 1.15 ಕೋಟಿ. ಯಂತ್ರಗಳಿಂದ ಹೋದ ಕೆಲಸ ಇದರಲ್ಲಿ ಬಹಳ. ಆದರೆ ಡೇವಿಡ್ ಆಟರ್, ಡೇವಿಡ್ ಡಾರ್ನ್, ಗಾರ್ಡನ್ ಹ್ಯಾನ್ಸನ್ ತೋರಿಸಿದಂತೆ ಚೀನಾದ ಆಮದಿನ ಪಾಲೂ ಚಿಕ್ಕದಲ್ಲ. ಪೆಟ್ಟು ದೇಶಕ್ಕೆಲ್ಲ ಹಂಚಿ ಬೀಳಲಿಲ್ಲ, ನಾರ್ತ್ ಕ್ಯಾರೋಲಿನಾದ ಹಿಕರಿಯಂಥ ಪೀಠೋಪಕರಣದ ಊರುಗಳ ಮೇಲೆ ಬಿತ್ತು. ಅಲ್ಲಿನ ಜನ ಬೇರೆ ಊರಿಗೆ ಹೋಗಲಿಲ್ಲ, ಅಷ್ಟೇ ಸಂಬಳದ ಬೇರೆ ಕೆಲಸವೂ ಸಿಗಲಿಲ್ಲ. ಆ ಊರುಗಳ ಸಿಟ್ಟು ನ್ಯಾಯವಾದದ್ದು. ಅದನ್ನು ಇಪ್ಪತ್ತು ವರ್ಷ ಯಾರೂ ಕೇಳಲಿಲ್ಲ, ಆ ಖಾಲಿ ಜಾಗದಲ್ಲೇ ಸುಂಕದ ಕಥೆ ಬೆಳೆಯಿತು.

ತಿಂಗಳು ಮುಗಿಯುವ ಹೊತ್ತಿಗೆ

ಆಗಸ್ಟ್ 29ರಂದು ಕೇಂದ್ರ ಮೇಲ್ಮನವಿ ನ್ಯಾಯಾಲಯ 7-4ರ ಬಹುಮತದಿಂದ ತೀರ್ಪು ಕೊಟ್ಟಿತು: 1977ರ ತುರ್ತು ಕಾನೂನು ಅಧ್ಯಕ್ಷರಿಗೆ ಇಂಥ ಸುಂಕ ಹಾಕುವ ಅಧಿಕಾರ ಕೊಡುವುದಿಲ್ಲ. ಸುಪ್ರೀಂ ಕೋರ್ಟ್‌ಗೆ ಹೋಗಲು ಸಮಯ ಕೊಟ್ಟು, ಅಲ್ಲಿಯವರೆಗೆ ಸುಂಕಗಳನ್ನು ಹಾಗೇ ಬಿಟ್ಟಿತು. ಸೆಪ್ಟೆಂಬರ್ 10ರಂದು ನಗರ ಪೊಲೀಸರ ಮೇಲಿನ 30 ದಿನಗಳ ಹತೋಟಿ ಮುಗಿಯಿತು. ಗಾರ್ಡ್ ಉಳಿಯಿತು.

ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಅಮೆರಿಕದಲ್ಲಿ 1962ರಿಂದ ಒಂದು ಯೋಜನೆ ಇತ್ತು. ಹೊಸ ಕೆಲಸ ಕಲಿಯಲು ಖರ್ಚು, ಕಲಿಯುವಷ್ಟು ದಿನ ಭತ್ಯೆ, ಕೆಲಸಕ್ಕಾಗಿ ಬೇರೆ ಊರಿಗೆ ಹೋಗಲು ನೆರವು ಅದರಿಂದ ಸಿಗುತ್ತಿತ್ತು. ಸಂಸತ್ತು ಅವಧಿ ವಿಸ್ತರಿಸದೆ ಬಿಟ್ಟದ್ದರಿಂದ 2022ರ ಜುಲೈನಲ್ಲಿ ಹೊಸ ಕಾರ್ಮಿಕರನ್ನು ಅದಕ್ಕೆ ಸೇರಿಸಿಕೊಳ್ಳುವುದು ನಿಂತಿತು. ಆಗ ಅಧ್ಯಕ್ಷರಾಗಿದ್ದವರು ಬೈಡನ್. ಆಮೇಲೆ ಟ್ರಂಪ್ ಬಂದರು. 2025ರ ಆಗಸ್ಟ್‌ನಲ್ಲಿ ಸುಂಕದಿಂದ ಖಜಾನೆಗೆ ಸುಮಾರು 3,000 ಕೋಟಿ ಡಾಲರ್ ಬಂತು. ಆ ಯೋಜನೆಯನ್ನು ಮತ್ತೆ ತೆರೆಯುವ ಮಸೂದೆ ಆ ತಿಂಗಳೂ ಪಾಸಾಗಲಿಲ್ಲ.